‘ಸ್ವಿಚ್ ಆಫ್’ ಆಗುವ ಮಕ್ಕಳು: ಕನ್ನಡದಲ್ಲಿ ಏನೆನ್ನಬೇಕು? (ತುರ್ತು)

ಪ್ರಶ್ನೆ, ಬೆಂಗಳೂರಿನಿಂದ

ಮಾನ್ಯರೇ,

ಪ್ರಾಥಮಿಕ ಶಾಲೆಯ ಶಿಕ್ಷಕರಿಗಾಗಿ ಸಿದ್ಧವಾಗುತ್ತಿರುವ ಕೈಪಿಡಿಯೊಂದನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಬೆಳಿಗ್ಗೆ ಕಡತವು ಮುದ್ರಣಾಲಯಕ್ಕೆ ಹೋಗಲೇಬೇಕು. ಉಳಿದುದೆಲ್ಲ ಮುಗಿದಿದೆ, ‘ಸ್ವಿಚ್ ಆಫ್’ ಎಂಬ ಕ್ರಿಯಾಪದವೊಂದು ಮೂರು ಕಡೆ ಬಂದು ಮೂರು ಕಡೆಯೂ ಕೈಕೊಡುತ್ತಿದೆ.

ಮೊದಲನೆಯ ವಾಕ್ಯದ ತಾತ್ಪರ್ಯ ಹೀಗಿದೆ: ಶಿಕ್ಷಕರು ಹತ್ತು ನಿಮಿಷಕ್ಕಿಂತ ಹೆಚ್ಚು ಹೊತ್ತು ಒಂದೇ ಸಮನೆ ಹೇಳಿ ಬರೆಸುತ್ತಿದ್ದರೆ ಮಕ್ಕಳು ‘ಸ್ವಿಚ್ ಆಫ್’ ಆಗುತ್ತಾರೆ. ಎರಡನೆಯದು ತರಗತಿಯ ಗೋಡೆಗೆ ಅಂಟಿಸುವ ಪೋಸ್ಟರಿನದು. ಹಿಂದಿನ ಬೆಂಚಿನವರು ‘ಸ್ವಿಚ್ ಆಫ್’ ಆಗಿದ್ದಾರೆಯೇ ಎಂದು ಅದು ಶಿಕ್ಷಕರನ್ನೇ ಕೇಳುತ್ತದೆ. ಮೂರನೆಯ ವಾಕ್ಯ ಕೊನೆಯ ಅಧ್ಯಾಯದಲ್ಲಿದೆ: ವಾರದ ಕೊನೆಯಲ್ಲಾದರೂ ಶಿಕ್ಷಕರು ‘ಸ್ವಿಚ್ ಆಫ್’ ಆಗಬೇಕು.

‘ಬೇಸರಗೊಳ್ಳುತ್ತಾರೆ’ ಎಂದು ಬರೆದೆ. ಬೇಸರಗೊಂಡ ಮಗು ಇನ್ನೂ ಕೇಳಿಸಿಕೊಳ್ಳುತ್ತಿರಬಹುದಲ್ಲ ಎಂದರು ಸಂಪಾದಕರು. ‘ನಿರಾಸಕ್ತರಾಗುತ್ತಾರೆ’ ಎಂಬುದನ್ನು ಸುತ್ತೋಲೆಯ ಭಾಷೆ ಎಂದು ಹೊಡೆದುಹಾಕಿದರು. ‘ಗಮನ ಕಳೆದುಕೊಳ್ಳುತ್ತಾರೆ’ ಎಂದಾಗ ತಪ್ಪು ಮಕ್ಕಳದೆಂಬ ಧ್ವನಿ ಬರುತ್ತದೆ, ಆದರೆ ಮೂಲದಲ್ಲಿ ತಪ್ಪು ಶಿಕ್ಷಕರದು. ಕೈಪಿಡಿಯ ಕೊನೆಯಲ್ಲಿ ಪದಪಟ್ಟಿ ಇರುವುದರಿಂದ ಮೂರು ಕಡೆಗೂ ಹೊಂದುವ ಒಂದೇ ಪದ ಸಿಕ್ಕರೆ ಉಪಕಾರವಾಗುತ್ತದೆ.

ಮೈಸೂರಿನಿಂದ

ಅನ್ಯಮನಸ್ಕರಾಗುತ್ತಾರೆ. ನಿಘಂಟಿನಲ್ಲಿ ಸಿಗುವ ಪದಕ್ಕೆ ಚರ್ಚೆಯ ಅಗತ್ಯವಿರಲಿಲ್ಲ.

ಧಾರವಾಡದಿಂದ

ನಿಘಂಟಿನಲ್ಲಿ ಸಿಗುತ್ತದೆ, ತರಗತಿಯಲ್ಲಿ ಸಿಗುವುದಿಲ್ಲ. ಮೂರನೆಯ ತರಗತಿಯ ಹುಡುಗನೊಬ್ಬ ಅನ್ಯಮನಸ್ಕನಾಗಿದ್ದಾನೆ ಎಂದು ಯಾವ ಮಾಸ್ತರರೂ ಈವರೆಗೆ ಹೇಳಿರಲಾರರು. ಅಲ್ಲದೆ ಅನ್ಯಮನಸ್ಕನ ಮನಸ್ಸು ಬೇರೆ ಯಾವುದರ ಮೇಲೋ ನೆಟ್ಟಿರುತ್ತದೆ, ‘ಅನ್ಯ’ ಎಂಬುದರ ಅರ್ಥವೇ ಅದು. ಇಂಗ್ಲಿಷಿನ ಈ ಪದದಲ್ಲಿ ಮನಸ್ಸು ಎಲ್ಲಿಗೆ ಹೋಯಿತೆಂಬ ಮಾತೇ ಇಲ್ಲ.

‘ಬೇಸತ್ತುಹೋಗುತ್ತಾರೆ’ ಎನ್ನಿ. ಬೇಸರವೂ ಬಂತು, ಕೊನೆಗೆ ‘ಹೋಗು’ ಇರುವುದರಿಂದ ಮುಗಿದುಹೋಯಿತೆಂಬ ಭಾವವೂ ಬಂತು. ನಮ್ಮ ಕಡೆ ‘ಬ್ಯಾಸತ್ತು’ ಎಂಬುದು ದಿನನಿತ್ಯದ ಮಾತು.

ಶಿವಮೊಗ್ಗದಿಂದ

ಕನ್ನಡದ ಪದ ಕೇಳಿದವರಿಗೆ ಮೊದಲ ಉತ್ತರ ಸಂಸ್ಕೃತದ್ದು, ಎರಡನೆಯದು ಪಾರಸಿಯದು. ಬೇಜಾರು, ಬೇಸರ ಎರಡೂ ಒಂದೇ ಮೂಲದವು ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ಇಂಗ್ಲಿಷ್ ಪದಗಳಿಗೆ ಕನ್ನಡದವೇ ಆದ ಪದಗಳನ್ನು ಹೇಗೆ ಕಟ್ಟಬಹುದೆಂದು ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರು ತೋರಿಸಿಕೊಟ್ಟ ಮೇಲೂ ನಾವು ಕಂಡವರ ಬಾಗಿಲು ತಟ್ಟುವುದನ್ನು ಬಿಟ್ಟಿಲ್ಲ. ಅರಿವು, ಆರು ಎಂಬ ಎರಡು ಅಚ್ಚಗನ್ನಡ ಪದಗಳಿಂದ ‘ಅರಿವಾರು’ ಎಂಬ ಕ್ರಿಯಾಪದವನ್ನು ಕಟ್ಟಬಹುದು. ದೀಪ ಆರುವಂತೆ ಅರಿವು ಆರುತ್ತದೆ. ಮಕ್ಕಳು ಅರಿವಾರುತ್ತಾರೆ. ಒಂದೇ ಪದ, ಮೂರು ಕಡೆಗೂ ಹೊಂದುತ್ತದೆ.

ಧಾರವಾಡದಿಂದ

ಎಲ್ಲರಿಗೂ ಗೊತ್ತಿರುವ ಸಂಗತಿ ತಪ್ಪಾಗಿದೆ. ಬೇಜಾರು ಪಾರಸಿಯದು, ನಿಜ. ಉರ್ದು ಮರಾಠಿಗಳ ದಾರಿಯಲ್ಲಿ ನಮ್ಮಲ್ಲಿಗೆ ಬಂತು. ಬೇಸರ ಹಾಗಲ್ಲ. ಅದರ ಹಳೆಯ ರೂಪ ಬೇಸಱು, ಅಂದರೆ ಶಕಟರೇಫ (ಹಳಗನ್ನಡದ ಗಡಸು ರಕಾರ, ಱ) ಇರುವ ಧಾತು. ಹೆಱು ಎಂಬುದು ಹೆತ್ತು ಎಂದಾಗುತ್ತದೆ, ಹೊಱು ಎಂಬುದು ಹೊತ್ತು ಎಂದಾಗುತ್ತದೆ, ತೆಱು ಎಂಬುದು ತೆತ್ತು ಎಂದಾಗುತ್ತದೆ. ಅದೇ ಹಾದಿಯಲ್ಲಿ ಬೇಸಱು ಎಂಬುದು ಬೇಸತ್ತು ಎಂದಾಗಿದೆ. ಪಾರಸಿಯಿಂದ ಬಂದ ಪದವನ್ನು ಕ್ರಿಯಾಪದ ಮಾಡಬೇಕಾದರೆ ನಾವು ‘ಆಗು’, ‘ಮಾಡು’, ‘ಇಸು’ಗಳ ನೆರವು ಪಡೆಯುತ್ತೇವೆಯೇ ಹೊರತು ಇಂಥ ದ್ವಿತ್ವವನ್ನು ತರುವುದಿಲ್ಲ. ಬೇಜಾರಾದೆ ಎನ್ನುತ್ತೇವೆ, ‘ಬೇಜತ್ತೆ’ ಎಂದವರನ್ನು ಯಾರಾದರೂ ಕೇಳಿದ್ದೀರಾ? ತಮಿಳಿನಲ್ಲಿ ವೇಸಱು, ತೆಲುಗಿನಲ್ಲಿ ವೇಸಾರು ಇವೆ. ಕಿಟ್ಟೆಲರ 1894ರ ನಿಘಂಟನ್ನು ತೆರೆದು ನೋಡುವಷ್ಟು ವ್ಯವಧಾನವಿಲ್ಲದವರು ಅಚ್ಚಗನ್ನಡದ ಗುತ್ತಿಗೆ ಹಿಡಿಯಬಾರದು.

ಎರಡು ಪದಗಳು ಒಂದೇ ಅರ್ಥದಲ್ಲಿ, ಒಂದೇ ಧ್ವನಿಯ ನೆರೆಯಲ್ಲಿ ಭೇಟಿಯಾಗಿ ಬೆರೆತುಹೋಗಿವೆ ಎಂಬುದು ಬೇರೆ ಮಾತು. ಇಂದು ಎರಡಕ್ಕೂ ನೋವು, ದುಃಖ ಎಂಬ ಅರ್ಥವೂ ಸೇರಿಕೊಂಡಿದೆ.

ಶಿವಮೊಗ್ಗದಿಂದ

ಆ ಸೇರಿಕೊಂಡ ಅರ್ಥವೇ ನಿಮ್ಮ ಸಲಹೆಯನ್ನು ಕೆಡಿಸುತ್ತದೆ. ‘ಮಕ್ಕಳಿಗೆ ಬೇಸರವಾಯಿತು’ ಎಂದರೆ ಶಿಕ್ಷಕರು ಬೈದರೆಂದು ಓದುಗರು ತಿಳಿಯುತ್ತಾರೆ. ಬೇಸರ ಕನ್ನಡದ್ದೇ ಆಗಿರಲಿ, ಇಲ್ಲಿಗೆ ಒಗ್ಗದು.

ಬೆಂಗಳೂರಿನಿಂದ, ಇನ್ನೊಬ್ಬರು

ಕೋಲಾರದ ಚಿನ್ನದ ಗಣಿಗೆ ಶಿವನಸಮುದ್ರದ ವಿದ್ಯುತ್ತು ಹರಿದದ್ದು 1902ರಲ್ಲಿ. ಬೆಂಗಳೂರಿನ ಬೀದಿದೀಪಗಳು ಬೆಳಗಿದ್ದು 1905ರಲ್ಲಿ. ಅಲ್ಲಿಂದ ಇಲ್ಲಿಯವರೆಗೆ ಸ್ವಿಚ್ಚು ಸ್ವಿಚ್ಚಾಗಿಯೇ ಇದೆ. ನಾಲ್ಕು ತಲೆಮಾರು ಬಳಸಿದ ಪದವನ್ನು ಇನ್ನೂ ಪರಕೀಯವೆನ್ನುವವರು ಶಾಲೆ, ಪುಸ್ತಕ, ಕಾಗದ, ಪೆನ್ಸಿಲು ಎಲ್ಲವನ್ನೂ ಕೈಪಿಡಿಯಿಂದ ತೆಗೆಯಬೇಕಾಗುತ್ತದೆ. ‘ಮಕ್ಕಳು ಸ್ವಿಚ್ ಆಫ್ ಆಗುತ್ತಾರೆ’ ಎಂದೇ ಬರೆಯಿರಿ. ಇದನ್ನು ಓದುವವರು ಶಿಕ್ಷಕರು, ಅವರಿಗೆ ಅರ್ಥವಾಗುತ್ತದೆ.

ಬರೆಯಲಾರೆನೆಂದರೆ ‘ಬೋರ್ ಹೊಡೆಯುತ್ತದೆ’ ಇದೆಯಲ್ಲ? ಕನ್ನಡಿಗರು ಇಂಗ್ಲಿಷಿನಿಂದ ತಂದು, ‘ಹೊಡೆ’ ಎಂಬ ತಮ್ಮದೇ ಕ್ರಿಯೆಯನ್ನು ಹಚ್ಚಿ, ಸಂಪೂರ್ಣ ತಮ್ಮದಾಗಿಸಿಕೊಂಡ ಪದ ಅದು. ಇಂಗ್ಲಿಷರಿಗೆ ಹೊಡೆಯುವ ಬೋರು ಇಲ್ಲ.

ತುಮಕೂರಿನಿಂದ

ನಮ್ಮ ಜಿಲ್ಲೆಯ ಶಿಕ್ಷಕರು ‘ಬೋರ್ ಹೊಡೆಸಿದರು’ ಎಂದು ಓದಿದರೆ ಎಷ್ಟು ಅಡಿಗೆ ನೀರು ಬಂತೆಂದು ಕೇಳುತ್ತಾರೆ.

ಈ ವಿಷಯದಲ್ಲಿ ಕನ್ನಡಕ್ಕೆ ಒಂದು ಸೊಗಸಾದ ಹಳೆಯ ಪದವಿದ್ದು ಅದನ್ನು ಯಾರೂ ನೆನೆಯದಿರುವುದು ನನಗೆ ಆಶ್ಚರ್ಯ ತಂದಿದೆ. ಅದು ‘ಪರಾಕು’. ಇಂದು ನಮಗೆ ಬಹುಪರಾಕು ಮಾತ್ರ ಗೊತ್ತು, ಅಂದರೆ ಹೊಗಳಿಕೆ. ಆದರೆ ತೆಲುಗಿನಲ್ಲಿ ಪರಾಕು ಎಂದರೆ ಇಂದಿಗೂ ಎಚ್ಚರಗೇಡು, ಮೈಮರೆವು. ತಮಿಳಿನಲ್ಲಿ ಮಾಡುವ ಕೆಲಸ ಬಿಟ್ಟು ಅತ್ತಿತ್ತ ನೋಡುತ್ತ ನಿಲ್ಲುವುದಕ್ಕೆ ‘ಪರಾಕ್ಕು ಪಾರ್’ ಎನ್ನುತ್ತಾರೆ. ಮೂಲ ಸಂಸ್ಕೃತದ ‘ಪರಾಕ್’, ಎಂದರೆ ಅತ್ತ ತಿರುಗಿದ, ಹೊರಮುಖವಾದ. ಇಂದ್ರಿಯಗಳ ರಂಧ್ರಗಳನ್ನು ಸ್ವಯಂಭುವು ಹೊರಮುಖವಾಗಿಯೇ ಕೊರೆದನು, ಆದುದರಿಂದ ಮನುಷ್ಯನು ಹೊರಗೆ ನೋಡುತ್ತಾನೆಯೇ ಹೊರತು ಒಳಗೆ ನೋಡುವುದಿಲ್ಲ ಎಂದು ಕಠೋಪನಿಷತ್ತು ಹೇಳುವಲ್ಲಿ ಬರುವುದು ಇದೇ ಪದ. ಹೊಗಳುಭಟರು ಪರಾಕು ಎಂದು ಕೂಗುತ್ತಿದ್ದುದು ಸಭೆಯ ಪರಾಕನ್ನು ಬಿಡಿಸಲು ಎಂಬುದು ನನ್ನ ತರ್ಕ. ಕಿಟಕಿಯ ಕಡೆ ಮುಖ ಮಾಡಿ ಕುಳಿತ ಹುಡುಗನಿಗೆ ಇದಕ್ಕಿಂತ ಒಪ್ಪುವ ಪದವಿಲ್ಲ. ‘ಮಕ್ಕಳು ಪರಾಕಾಗುತ್ತಾರೆ’ ಎಂದು ಧೈರ್ಯವಾಗಿ ಬರೆಯಿರಿ. ಬಳಕೆ ತಾನಾಗಿಯೇ ಹಿಂದೆ ಬರುತ್ತದೆ.

ಶಿವಮೊಗ್ಗದಿಂದ

ಮತ್ತೆ ಸಂಸ್ಕೃತ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ವಂದನೆಗಳು. ಪರಾಕಿನ ವಿವರಣೆ ಬಹಳ ಹಿಡಿಸಿತು, ಆದರೆ ಪೋಸ್ಟರಿನಲ್ಲಿ ‘ಹಿಂದಿನ ಬೆಂಚಿನವರು ಪರಾಕಾಗಿದ್ದಾರೆಯೇ?’ ಎಂದು ಬರೆದರೆ ಅವರು ಶಿಕ್ಷಕರನ್ನು ಹೊಗಳುತ್ತಿದ್ದಾರೆಯೇ ಎಂಬ ಅರ್ಥ ಹೊರಡುತ್ತದೆ. ಇನ್ನೊಂದು ಸಂಗತಿ: ಮೂರನೆಯ ವಾಕ್ಯವನ್ನು, ಅಂದರೆ ಶಿಕ್ಷಕರು ‘ಸ್ವಿಚ್ ಆಫ್’ ಆಗಬೇಕು ಎಂಬುದನ್ನು, ಶಿವಮೊಗ್ಗದ ಹಿರಿಯರನ್ನು ಬಿಟ್ಟು ಯಾರೂ ಮುಟ್ಟಿಲ್ಲ. ಅವರ ‘ಅರಿವಾರು’ ಪದವನ್ನು ಅಲ್ಲಿ ಬಳಸಿದರೆ ಶಿಕ್ಷಕರು ಭಾನುವಾರ ಮೂರ್ಛೆ ಹೋಗಬೇಕೆಂದು ಹೇಳಿದಂತಾಗುತ್ತದೆ. ದಯವಿಟ್ಟು ಸಂಜೆಯೊಳಗೆ ಏನಾದರೂ ಸೂಚಿಸಿ.

ಉಡುಪಿಯಿಂದ

‘ಉದಾಸೀನರಾಗುತ್ತಾರೆ’ ಎಂದು ಯಾರಾದರೂ ಸೂಚಿಸುವ ಮೊದಲೇ ಒಂದು ಎಚ್ಚರಿಕೆ. ಕರಾವಳಿಯಲ್ಲಿ ಉದಾಸೀನ ಎಂದರೆ ಸೋಮಾರಿತನ. ‘ಉದಾಸೀನ ಆಗ್ತದೆ’ ಎಂದರೆ ಕೆಲಸ ಮಾಡಲು ಮನಸ್ಸಿಲ್ಲ ಎಂದಷ್ಟೇ. ಆ ಪದವನ್ನು ಬಳಸಿದರೆ ನಮ್ಮ ಜಿಲ್ಲೆಯ ಶಿಕ್ಷಕರು ಮಕ್ಕಳನ್ನೇ ಬೈಯುತ್ತಾರೆ.

ಮೈಸೂರಿನಿಂದ, ಬೇರೊಬ್ಬರು

ಪ್ರಶ್ನೆ ಕೇಳಿದ ಸೋದರಿಗೆ,

ಇಲ್ಲಿಯವರೆಗೆ ಬಂದ ಎಲ್ಲ ಸಲಹೆಗಳೂ, ‘ಸ್ವಿಚ್ ಆಫ್’ ಎಂದೇ ಇರಲಿ ಎಂಬುದೂ ಸೇರಿ, ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿವೆ. ‘ಮಕ್ಕಳು’ ಎಂಬ ಕರ್ತೃಪದವನ್ನು ಇಂಗ್ಲಿಷಿನಲ್ಲಿದ್ದ ಜಾಗದಲ್ಲೇ ಬಿಟ್ಟು, ಅದರ ಮುಂದಿನ ಖಾಲಿ ಜಾಗಕ್ಕೆ ಯಾವ ಕ್ರಿಯಾಪದ ಸೇರುತ್ತದೆಂದು ಎಲ್ಲರೂ ಹುಡುಕುತ್ತಿದ್ದೀರಿ. ಬೇಸತ್ತುಹೋಗು, ಅರಿವಾರು, ಪರಾಕಾಗು, ಅನ್ಯಮನಸ್ಕರಾಗು: ಪದಗಳ ಹುಟ್ಟೂರು ಬೇರೆ ಬೇರೆ, ವಾಕ್ಯದ ಕಟ್ಟಡ ಮಾತ್ರ ಲಂಡನ್ನಿನದು. ಪದದ ಜಾತಿಯ ಬಗ್ಗೆ ಇಷ್ಟು ಕಾದಾಡುವವರು ವಾಕ್ಯದ ಬಗ್ಗೆ ಒಂದು ಮಾತೂ ಆಡದಿರುವುದನ್ನು ನೋಡಿದರೆ, ಎರವಲು ಎಂದರೆ ಇವರಿಗೆ ಬರಿಯ ಪದಗಳ ಎರವಲು ಎಂದೇ ತೋರುತ್ತದೆ.

ಮೊದಲು ಇಂಗ್ಲಿಷಿನಲ್ಲಿ ಇದು ಏನೆಂಬುದನ್ನು ಸರಿಯಾಗಿ ನೋಡೋಣ. ಬೇಸರ ಕಾರಣ, ಸ್ವಿಚ್ ಆಫ್ ಆಗುವುದು ಪರಿಣಾಮ. ಇವೆರಡನ್ನೂ ಒಂದೇ ಪದದಲ್ಲಿ ತುಂಬಲು ಹೋಗಬೇಕಾಗಿಲ್ಲ. ಈ ಗುಂಪಿನ ಇತರ ಕ್ರಿಯಾಪದಗಳನ್ನು ಪಕ್ಕಕ್ಕಿಟ್ಟರೆ ಗೆರೆಗಳು ಸ್ಪಷ್ಟವಾಗುತ್ತವೆ. ‘ನಾಡ್ ಆಫ್’ ಎಂದರೆ ತೂಕಡಿಸುವುದು. ಅಲ್ಲಿ ತಲೆ ವಾಲುತ್ತದೆ, ಕಣ್ಣು ಮುಚ್ಚುತ್ತದೆ. (ತೂಕಡಿಸು ಎಂಬುದರಲ್ಲಿರುವುದು ತೂಗು ಎಂಬ ಧಾತುವೇ; ತಮಿಳಿನ ತೂಂಗು ಎಂಬುದಕ್ಕೆ ನೇತಾಡು, ನಿದ್ರಿಸು ಎಂಬ ಎರಡು ಅರ್ಥಗಳೂ ಇವೆ. ಇದು ಪ್ರಶ್ನೆಗೆ ಸಂಬಂಧಿಸಿದ್ದಲ್ಲ, ಆದರೆ ಹೇಳದಿರಲಾಗಲಿಲ್ಲ.) ‘ಟ್ಯೂನ್ ಔಟ್’ ರೇಡಿಯೊದಿಂದ ಬಂದದ್ದು, ಬೇಡವಾದ ದನಿಯನ್ನು ಬೇಕೆಂದೇ ಕಿವಿಯಿಂದ ಹೊರಗಿಡುವುದು ಅದರ ಅರ್ಥ. ಅದಕ್ಕೆ ಜಾಣಕಿವುಡು ಹತ್ತಿರದ ಮಾತು. ‘ಝೋನ್ ಔಟ್’ ಎಂಬುದನ್ನು ಅಮೆರಿಕದವರು ಹೆಚ್ಚಾಗಿ ಬಳಸುತ್ತಾರೆ. ಅದಕ್ಕೆ ಬೇಸರವೇ ಕಾರಣವಾಗಬೇಕೆಂದಿಲ್ಲ, ದಣಿವಿನಿಂದಲೂ ಹಾಗಾಗುತ್ತದೆ, ಸುಮ್ಮನೆ ಗೋಡೆ ನೋಡುತ್ತ ಕುಳಿತಾಗಲೂ ಆಗುತ್ತದೆ. ನಿಮ್ಮ ಮೊದಲೆರಡು ವಾಕ್ಯಗಳ ‘ಸ್ವಿಚ್ ಆಫ್’ನಲ್ಲಿ ಮಾತ್ರ ಎದುರಿಗೆ ಒಬ್ಬ ಮಾತುಗಾರನಿರಬೇಕು, ಆ ಮಾತು ಸಪ್ಪೆಯಾಗಿರಬೇಕು, ಕೇಳುವವನ ಕಣ್ಣು ತೆರೆದೇ ಇರಬೇಕು.

ಆ ಸ್ಥಿತಿ ನಮ್ಮ ತರಗತಿಗಳಲ್ಲಿ ಹೇಗೆ ಕಾಣುತ್ತದೆ? ಉಕ್ತಲೇಖನ ನಡೆಯುತ್ತಿರುತ್ತದೆ, ಮಗುವಿನ ಪೆನ್ಸಿಲು ಚಲಿಸುತ್ತಲೇ ಇರುತ್ತದೆ, ಒಂದು ಸಾಲು ಬಿಟ್ಟುಹೋದರೂ ಅದಕ್ಕೆ ಅರಿವಾಗುವುದಿಲ್ಲ, ಬಿಟ್ಟ ಸಾಲಿನ ಮುಂದಿನ ಪದದಿಂದಲೇ ಅಕ್ಷರಗಳು ಮುಂದುವರಿಯುತ್ತವೆ. ಶಿಕ್ಷಕರು ‘ಅರ್ಥವಾಯಿತೇ?’ ಎಂದು ಕೇಳಿದ ಕೂಡಲೇ ನಲವತ್ತು ಗಂಟಲುಗಳಿಂದ ‘ಆಯ್ತು ಸಾ...ರ್’ ಎಂಬ ರಾಗ ಹೊರಡುತ್ತದೆ. ಆ ರಾಗವನ್ನು ಕೇಳಿದ ಯಾವ ಶಿಕ್ಷಕರಿಗೂ ‘ಸ್ವಿಚ್ ಆಫ್’ ಎಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಕೈ ಇದೆ, ಕಣ್ಣು ಇದೆ, ಬಾಯಿಯೂ ಉತ್ತರ ಕೊಡುತ್ತಿದೆ, ಮನಸ್ಸೊಂದು ಇಲ್ಲ.

ಈಗ ಕನ್ನಡದ ಕಡೆಗೆ. ಇಂಥ ಸಂದರ್ಭಗಳಲ್ಲಿ ಕನ್ನಡವು ಮನುಷ್ಯನನ್ನು ಕರ್ತೃವಾಗಿ ನಿಲ್ಲಿಸುವುದಕ್ಕೆ ಸುಲಭವಾಗಿ ಒಪ್ಪುವುದಿಲ್ಲ. ನನಗೆ ಬೇಸರವಾಯಿತು, ನನಗೆ ನಿದ್ದೆ ಬಂತು, ಅವನಿಗೆ ಮರೆತುಹೋಯಿತು, ಅವಳಿಗೆ ಜೊಂಪು ಹತ್ತಿತು: ಮನುಷ್ಯನು ಚತುರ್ಥಿ ವಿಭಕ್ತಿಯಲ್ಲಿ (‘ನನಗೆ’, ‘ಅವನಿಗೆ’ ಎಂದು) ಬದಿಗೆ ನಿಲ್ಲುತ್ತಾನೆ, ಆಗುವ ಕ್ರಿಯೆಗೆ ನಿದ್ದೆ, ಬೇಸರಗಳೇ ಕರ್ತೃಗಳು. ಇಲ್ಲವೇ ಅಂಗವೊಂದು ಕರ್ತೃವಾಗುತ್ತದೆ. ಮನಸ್ಸು ಎಲ್ಲೋ ಹೋಯಿತು, ತಲೆ ಓಡಲಿಲ್ಲ, ಕಿವಿಗೆ ಬೀಳಲಿಲ್ಲ, ಪಾಠದಲ್ಲಿ ಮನಸ್ಸು ನಿಲ್ಲುತ್ತಿಲ್ಲ. ಇದು ಬರಿಯ ವ್ಯಾಕರಣದ ಹಟವಲ್ಲ. ತನ್ನ ಕೈಮೀರಿ ಆಗುವುದಕ್ಕೂ ತಾನಾಗಿ ಮಾಡುವುದಕ್ಕೂ ಕನ್ನಡ ಕಾಪಾಡಿಕೊಂಡು ಬಂದಿರುವ ವ್ಯತ್ಯಾಸ ಅದು. ‘ಗಮನ ಕಳೆದುಕೊಳ್ಳುತ್ತಾರೆ’ ಎಂದಾಗ ತಪ್ಪು ಮಕ್ಕಳದೆಂಬ ಧ್ವನಿ ಬರುತ್ತದೆಂದು ನೀವು ಪ್ರಶ್ನೆಯಲ್ಲೇ ಬರೆದಿದ್ದೀರಲ್ಲ, ಆ ಧ್ವನಿ ಬಂದದ್ದು ‘ಗಮನ’ ಎಂಬ ಪದದಿಂದಲ್ಲ. ಮಕ್ಕಳನ್ನು ಕರ್ತೃವಾಗಿಸಿ ಕೊನೆಗೆ ‘ಕೊಳ್ಳು’ ಸೇರಿಸಿದ್ದರಿಂದ.

ಇಂಗ್ಲಿಷಿನಲ್ಲಿ ‘ಆಫ್’ ಎಂಬ ಸಣ್ಣ ಪದ ಮಾಡುವ ಕೆಲಸವನ್ನು ನಮ್ಮಲ್ಲಿ ಕ್ರಿಯಾಪದದ ಬೆನ್ನಿಗೆ ಬರುವ ಹೋಗು, ಬಿಡು, ಕೊಳ್ಳುಗಳು ಮಾಡುತ್ತವೆ. ಹೀಗಾಗಿ ನಾನು ಸೂಚಿಸುವುದು ‘ಕಳಚು’ ಎಂಬ ಧಾತುವನ್ನು. ಅಂಗಿಯ ಗುಂಡಿ ಕಳಚಿಕೊಂಡಿತು ಎನ್ನುತ್ತೇವೆ, ಅದಕ್ಕೆ ಯಾರನ್ನೂ ದೂರುವುದಿಲ್ಲ. ಹೊಣೆಯಿಂದ ಕಳಚಿಕೊಂಡ ಎನ್ನುತ್ತೇವೆ, ಅಲ್ಲಿ ಮನುಷ್ಯನು ಬೇಕೆಂದೇ ಮಾಡಿದ್ದು ಸ್ಪಷ್ಟವಾಗಿದೆ. ಒಂದೇ ಕ್ರಿಯಾಪದ ಎರಡು ಬಗೆಯಲ್ಲೂ ನಡೆಯುವುದರಿಂದ ನಿಮ್ಮ ಮೊದಲನೆಯ, ಮೂರನೆಯ ವಾಕ್ಯಗಳೆರಡಕ್ಕೂ ಅದು ಸಾಕಾಗುತ್ತದೆ. ಮಕ್ಕಳ ವಾಕ್ಯದಲ್ಲಿ ಮನಸ್ಸನ್ನು ಕರ್ತೃ ಮಾಡಿರಿ: ‘ಹತ್ತು ನಿಮಿಷಕ್ಕಿಂತ ಹೆಚ್ಚು ಹೊತ್ತು ಒಂದೇ ಸಮನೆ ಹೇಳಿ ಬರೆಸುತ್ತಿದ್ದರೆ ಮಕ್ಕಳ ಕೈ ಬರೆಯುತ್ತಲೇ ಇರುತ್ತದೆ, ಮನಸ್ಸು ಪಾಠದಿಂದ ಕಳಚಿಕೊಂಡಿರುತ್ತದೆ.’ ಶಿಕ್ಷಕರ ವಾಕ್ಯದಲ್ಲಿ ಶಿಕ್ಷಕರೇ ಕರ್ತೃವಾಗಲಿ, ಏಕೆಂದರೆ ಅಲ್ಲಿ ಅವರು ಪ್ರಯತ್ನಪಟ್ಟು ಮಾಡಬೇಕಾದ ಕೆಲಸವಿದೆ: ‘ವಾರದ ಕೊನೆಯಲ್ಲಾದರೂ ಶಿಕ್ಷಕರು ಶಾಲೆಯ ಚಿಂತೆಯಿಂದ ಕಳಚಿಕೊಳ್ಳಬೇಕು.’ ಇಂಗ್ಲಿಷ್ ಈ ಎರಡನ್ನೂ ಒಂದೇ ರೂಪದಲ್ಲಿ ಹೇಳಿ ಭೇದವನ್ನು ಓದುಗನಿಗೆ ಬಿಡುತ್ತದೆ. ಕನ್ನಡದಲ್ಲಿ ಅದನ್ನು ಬಿಡಿಸಿ ಹೇಳದೆ ಬೇರೆ ದಾರಿಯಿಲ್ಲ, ಹೇಳಿದರೆ ಮೂಲಕ್ಕಿಂತ ಸ್ಪಷ್ಟವಾಗುತ್ತದೆ.

ಸ್ವಿಚ್ಚನ್ನು ಹಾಗೆಯೇ ಉಳಿಸಿ ಎಂದವರಿಗೆ ಒಂದು ಮಾತು. ಪದ ನಮ್ಮದಾಗಿದೆ ಎಂಬುದನ್ನು ನಾನು ಒಪ್ಪುತ್ತೇನೆ, ಸಮಸ್ಯೆ ಇರುವುದೇ ಅಲ್ಲಿ. ನಮ್ಮದಾದ ಮೇಲೆ ಅದು ನಮ್ಮ ಅರ್ಥವನ್ನೂ ಪಡೆದಿದೆ. ಕನ್ನಡದಲ್ಲಿ ಇಂದು ಯಾರಾದರೂ ‘ಅವರು ಸ್ವಿಚ್ ಆಫ್’ ಎಂದರೆ ಮೊಬೈಲು ಆರಿದೆ, ಕರೆ ತಾಗುತ್ತಿಲ್ಲ ಎಂದೇ ಅರ್ಥ. ಸಾಲಗಾರರ ಬಗ್ಗೆ ಆಡುವಾಗ ಅದಕ್ಕೆ ಇನ್ನಷ್ಟು ಅರ್ಥಗಳಿವೆ. ಇಂಗ್ಲಿಷಿನಲ್ಲೂ ಈ ಪದ ಸುಮ್ಮನೆ ನಿಂತಿಲ್ಲ: ಸ್ವಿಚ್ ಎಂದರೆ ಮೊದಲು ತೆಳ್ಳನೆಯ ಬೆತ್ತ, ಕುದುರೆಗೆ ಹೊಡೆಯುವ ಛಡಿ, ಆಮೇಲೆ ರೈಲುಹಳಿ ಬದಲಿಸುವ ಸನ್ನೆಕೋಲು, ಅದರ ಬಳಿಕ ವಿದ್ಯುತ್ತಿನ ಗುಂಡಿ. ಹುಡುಗರನ್ನು ಎಚ್ಚರಿಸುತ್ತಿದ್ದ ಬೆತ್ತದ ಹೆಸರು ಈಗ ಅವರ ಎಚ್ಚರ ತಪ್ಪುವುದಕ್ಕೆ ಬಳಕೆಯಾಗುತ್ತಿದೆ.

ಬೋರಿನ ಬಗ್ಗೆಯೂ ಹೇಳಿಬಿಡುತ್ತೇನೆ. ಬೇಸರಪಡಿಸು ಎಂಬ ಅರ್ಥದ ಬೋರ್ ಇಂಗ್ಲಿಷಿನಲ್ಲಿ ಕಾಣಿಸಿಕೊಂಡದ್ದು 18ನೆಯ ಶತಮಾನದಲ್ಲಿ. ಕೊರೆಯುವ ಬೋರು ಅದಕ್ಕಿಂತ ಎಷ್ಟೋ ಹಳೆಯದು. ಕನ್ನಡದ ಆಡುಮಾತಿನಲ್ಲಿಯೂ ಉದ್ದುದ್ದ ಮಾತನಾಡಿ ಪ್ರಾಣ ತಿನ್ನುವವನು ‘ಕೊರೆಯುತ್ತಾನೆ’. ಈ ಪದಗಳೆಲ್ಲ ಮಾತನಾಡುವವನಿಗೆ ಸಲ್ಲುವವು. ನಿಮಗೆ ಬೇಕಾದದ್ದು ಕೇಳುವವನ ಸ್ಥಿತಿ. ಕೊರೆಯುವವರು ಶಿಕ್ಷಕರು, ಕಳಚಿಕೊಳ್ಳುವುದು ಮಗುವಿನ ಮನಸ್ಸು.

ಪೋಸ್ಟರಿಗೆ ಮಾತ್ರ ‘ಕಳಚು’ ಭಾರವಾಗುತ್ತದೆ. ಅಲ್ಲಿ ಪ್ರಶ್ನೆಯನ್ನೇ ತಿರುಗಿಸಿ: ‘ಹಿಂದಿನ ಬೆಂಚಿನ ಕಿವಿಗಳು ಇಲ್ಲಿವೆಯೇ?’

ಶಿವಮೊಗ್ಗದಿಂದ

ಪದ ಕೇಳಿದವರಿಗೆ ವಾಕ್ಯ ಕೊಡುವುದು ಸುಲಭ. ಪದಪಟ್ಟಿಯಲ್ಲಿ ಎಡಗಡೆ ಒಂದು ಇಂಗ್ಲಿಷ್ ಪದವಿದ್ದರೆ ಬಲಗಡೆ ಒಂದು ಕನ್ನಡ ಪದವಿರಬೇಕು. ಪ್ರತಿಯೊಂದು ಇಂಗ್ಲಿಷ್ ಪದವನ್ನೂ ಹೀಗೆ ಬಿಡಿಸಿ ಬಿಡಿಸಿ ಬರೆಯುತ್ತ ಹೋದರೆ ಕನ್ನಡದಲ್ಲಿ ಹೊಸ ಪದಗಳು ಹುಟ್ಟುವುದು ಯಾವಾಗ? ‘ಅರಿವಾರು’ ಎಂಬುದಕ್ಕೆ ನಗುವವರು ಮಿಂಬಲೆ (ಇಂಟರ್ನೆಟ್), ಮಿಂಚೆ (ಇ-ಮೇಲ್) ಎಂಬವಕ್ಕೂ ಮೊದಲು ನಕ್ಕಿದ್ದರು.

ಮೈಸೂರಿನಿಂದ, ಬೇರೊಬ್ಬರು

ಮಿಂಚೆ ಒಂದು ವಸ್ತುವಿನ ಹೆಸರು. ವಸ್ತು ಹೊಸದಾದಾಗ ಹೆಸರೂ ಹೊಸದಾಗಿರುವುದು ಸರಿಯೇ. ಮಕ್ಕಳ ಮನಸ್ಸು ಪಾಠ ಬಿಟ್ಟು ಹೋಗುವುದು ಕೂಲಿಮಠಗಳ, ಅಂದರೆ ಹಿಂದಿನ ಹಳ್ಳಿಶಾಲೆಗಳ, ಕಾಲದಿಂದಲೂ ಇರುವ ಸಂಗತಿ. ಅದಕ್ಕೆ ಕನ್ನಡದಲ್ಲಿ ಮಾತಿಲ್ಲವೆಂದು ಹೊಸದನ್ನು ಕಟ್ಟಲು ಹೊರಡುವುದು ಇದ್ದ ಮಾತನ್ನು ಅಳಿಸಿದಂತೆ. ‘ಅರಿವು ತಪ್ಪು’ ಎಂಬುದಕ್ಕೆ ಎಚ್ಚರ ಹೋಗು ಎಂಬ ಅರ್ಥ ಆಗಲೇ ಇರುವಾಗ ‘ಅರಿವಾರು’ ಅದರ ನೆರಳಿನಿಂದ ತಪ್ಪಿಸಿಕೊಳ್ಳಲಾರದು. ಇನ್ನು ‘ಆರು’ ಎಂಬುದರ ಬಗ್ಗೆ: ನಮ್ಮ ಹೆಂಗಸರು ಮನೆಯಲ್ಲಿ ದೀಪ ಆರಿಸು ಎಂದು ಹೇಳಲು ಸಹ ಹಿಂಜರಿದು ‘ದೀಪ ಶಾಂತ ಮಾಡು’ ಎನ್ನುತ್ತಾರೆ. ಮಕ್ಕಳ ಬಗ್ಗೆ ಆಡುವ ಮಾತಿಗೆ ಆ ಧಾತುವನ್ನು ತರಬಾರದು.

ಪದಪಟ್ಟಿಗೆ ‘ಮನಸ್ಸು ಕಳಚಿಕೊಳ್ಳು’ ಎಂದು ಹಾಕಿ. ಎರಡು ಪದಗಳ ಇಂಗ್ಲಿಷ್ ಕ್ರಿಯೆಗೆ ಎರಡು ಪದಗಳ ಕನ್ನಡ ಕ್ರಿಯೆ ಬಂದರೆ ಯಾವ ಪಟ್ಟಿಯೂ ಕುಸಿಯುವುದಿಲ್ಲ.

ಧಾರವಾಡದಿಂದ

‘ಮನಸ್ಸು’ ಸಂಸ್ಕೃತ ಎಂದು ಇನ್ನು ಅರ್ಧ ಗಂಟೆಯಲ್ಲಿ ಬರುತ್ತದೆ. ಅದಕ್ಕೆ ಮೊದಲೇ ಹೇಳಿಬಿಡುತ್ತೇನೆ: ಸಂಸ್ಕೃತದಲ್ಲಿ ‘ಗಮನ’ ಎಂದರೆ ಹೋಗುವುದು. ಲಕ್ಷ್ಯ ಎಂಬ ಅರ್ಥ ಕೊಟ್ಟು ಅದನ್ನು ಕೂರಿಸಿದವರು ನಾವು. ಹೊರಗಿನಿಂದ ಬಂದ ಪದ ಯಾವಾಗ ನಮ್ಮದಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ.

ಬೆಂಗಳೂರಿನಿಂದ, ಇನ್ನೊಬ್ಬರು

ಹಾಗಿದ್ದರೆ ಸ್ವಿಚ್ಚಿಗೆ ಮಾತ್ರ ಏಕೆ ಈ ಶಿಕ್ಷೆ ಎಂಬುದಕ್ಕೆ ಉತ್ತರ ಸಿಗಲಿಲ್ಲ.

ಮೈಸೂರಿನಿಂದ, ಬೇರೊಬ್ಬರು

ಸಿಕ್ಕಿದೆ. ಮೊಬೈಲಿನ ಸಾಲನ್ನು ಮತ್ತೊಮ್ಮೆ ಓದಿ.

ತುಮಕೂರಿನಿಂದ

ಪರಾಕನ್ನು ಇಷ್ಟು ಬೇಗ ಕೈಬಿಟ್ಟದ್ದು ನನಗೆ ಸರಿಕಾಣಲಿಲ್ಲ. ಅರ್ಥ ತಿರುಗಿಬಿದ್ದ ಪದವನ್ನು ಮತ್ತೆ ನೆಟ್ಟಗೆ ಮಾಡುವುದೂ ಅನುವಾದಕರ ಕೆಲಸವೇ. ಪೋಸ್ಟರಿಗೆ ಬೇಡವಾದರೆ ಬಿಡಿ, ಪದಪಟ್ಟಿಯಲ್ಲಿ ಪರ್ಯಾಯವೆಂದಾದರೂ ಕಂಸದಲ್ಲಿ ಸೇರಿಸಬಹುದು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ವಂದನೆಗಳು. ಕಡತವನ್ನು ಈಗಷ್ಟೇ ಕಳುಹಿಸಿದೆ.

ಮೊದಲನೆಯ ವಾಕ್ಯವನ್ನು ಮೈಸೂರಿನವರು ಕೊಟ್ಟಂತೆಯೇ ಬಳಸಿದ್ದೇನೆ. ‘ಕೈ ಬರೆಯುತ್ತಲೇ ಇರುತ್ತದೆ’ ಎಂಬ ಭಾಗ ಮೂಲದಲ್ಲಿಲ್ಲವೆಂದು ಸಂಪಾದಕರು ತಕರಾರು ಮಾಡಿದರು. ಮೂಲದ ಮುಂದಿನ ಪರಿಚ್ಛೇದದಲ್ಲಿ ಮಕ್ಕಳು ಯಾಂತ್ರಿಕವಾಗಿ ಬರೆದುಕೊಳ್ಳುವ ವಿವರ ಇರುವುದನ್ನು ತೋರಿಸಿದ ಮೇಲೆ ಒಪ್ಪಿದರು. ಮೂರನೆಯ ವಾಕ್ಯದಲ್ಲಿ ‘ಶಾಲೆಯ ಚಿಂತೆಯಿಂದ ಕಳಚಿಕೊಳ್ಳಬೇಕು’ ಎಂಬುದರಲ್ಲಿ ಕೆಲಸ ತಪ್ಪಿಸಿಕೊಳ್ಳುವ ಧ್ವನಿ ಬಂದೀತೆಂಬ ಅನುಮಾನದಿಂದ ‘ಶಾಲೆಯ ಚಿಂತೆಯನ್ನು ತಲೆಯಿಂದ ಇಳಿಸಬೇಕು’ ಎಂದು ಮಾಡಿದ್ದೇನೆ. ಒಂದೇ ಪದ ಮೂರು ಕಡೆಗೂ ಬರಬೇಕೆಂಬ ಹಟವನ್ನು ಹೀಗೆ ಬಿಡಬೇಕಾಯಿತು. ಪದಪಟ್ಟಿಯಲ್ಲಿ ‘ಮನಸ್ಸು ಕಳಚಿಕೊಳ್ಳು; (ಚಿಂತೆ) ಇಳಿಸು’ ಎಂದು ಎರಡು ಅರ್ಥಗಳನ್ನು ಅರ್ಧವಿರಾಮದಿಂದ ಬೇರ್ಪಡಿಸಿದ್ದೇನೆ. ಪರಾಕನ್ನು ಸೇರಿಸಲು ಅಂಕಣದಲ್ಲಿ ಜಾಗ ಉಳಿಯಲಿಲ್ಲ, ಕ್ಷಮಿಸಿ.

ಪೋಸ್ಟರಿನಲ್ಲಿ ‘ಹಿಂದಿನ ಬೆಂಚಿನ ಕಿವಿಗಳು ಇಲ್ಲಿವೆಯೇ?’ ಎಂದೇ ಹೋಗುತ್ತಿದೆ. ಚಿತ್ರ ಬರೆಯುವವರು ಕಿವಿಗಳನ್ನು ಬಹಳ ದೊಡ್ಡದಾಗಿ ಬರೆದಿದ್ದಾರೆ. ಅದನ್ನು ಚಿಕ್ಕದು ಮಾಡಲು ಹೇಳಿದ್ದೇನೆ.

ಶಿವಮೊಗ್ಗದಿಂದ

ಪೋಸ್ಟರ್ ಅಲ್ಲ, ಗೋಡೆಯೋಲೆ.